ಕಾಸು ಕೊಟ್ಟು ಕೊಂಡ ಸೋಬಾನೆ ಪದ

ಮಾನ ಕಳೆದುಕೊಳ್ಳುವುದು ಎಲ್ಲರಿಗೂ ಒಂದೇ ಥರ ಕಷ್ಟವಲ್ಲ ಎಂಬುದು ನನಗೆ ಈಚೆಗೆ ತಿಳಿಯಿತು. ಮೊದಲಿನಿಂದಲೂ ಅಷ್ಟಕ್ಕಷ್ಟೇ ಎಂದು ಹೆಸರಾದವನು ಏನಾದರೂ ಎಡವಟ್ಟು ಮಾಡಿಕೊಂಡರೆ ಊರವರು ಎರಡು ದಿನ ಆಡಿಕೊಂಡು ಸುಮ್ಮನಾಗುತ್ತಾರೆ. ಆದರೆ ಊರಿಗೆಲ್ಲ ನೀತಿ ಹೇಳಿಕೊಂಡು ಓಡಾಡಿದವನು ಸಿಕ್ಕಿಬಿದ್ದರೆ ಅವರಿಗೆ ಅದು ಹಬ್ಬ. ಹಬ್ಬದ ಮಾರನೆಯ ದಿನವೂ, ಅದರ ಮಾರನೆಯ ದಿನವೂ ಹಬ್ಬವೇ. ನಾನು ಎರಡನೆಯ ಜಾತಿಗೆ ಸೇರಿದವನು. ಕೈಲಾಂಚ ಹೋಬಳಿಯ ಒಂದು ಸಣ್ಣ ಊರಿನಲ್ಲಿ ಹಾಲಿನ ಡೇರಿಯ ಸೆಕ್ರೆಟರಿಯಾಗಿ ಇಪ್ಪತ್ತು ವರ್ಷದ ಮೇಲಾಯಿತು. ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು ಹಾಲು ಅಳೆಸಿಕೊಳ್ಳುತ್ತೇನೆ. ನನ್ನ ಕೈಯಲ್ಲಿರುವ ಲ್ಯಾಕ್ಟೋಮೀಟರ್ ಒಂದು ಗೀಟು ಮೇಲೆ ಕೆಳಗೆ ಆದರೆ ನನ್ನ ಹುಬ್ಬೂ ಅಷ್ಟೇ ಮೇಲೆ ಕೆಳಗೆ ಆಗುತ್ತದೆ.

ಹಾಲಿಗೆ ನೀರು ಸೇರಿಸಿದವರನ್ನು ಹಿಡಿಯುವುದರಲ್ಲಿ ನನಗೊಂದು ಖುಷಿ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಹಿಡಿದು ಸುಮ್ಮನೆ ಕ್ಯಾನು ವಾಪಸು ಕೊಟ್ಟಿದ್ದರೆ ಆಗುತ್ತಿತ್ತು. ಕೊಡುತ್ತಿರಲಿಲ್ಲ. ಸಾಲಿನಲ್ಲಿ ನಿಂತ ಎಲ್ಲರಿಗೂ ಕೇಳುವ ಹಾಗೆ ಒಂದು ಸಣ್ಣ ಭಾಷಣ ಬಿಗಿಯುತ್ತಿದ್ದೆ. ಒಂದು ಸಲ ನನ್ನ ಸ್ವಂತ ದೊಡ್ಡಪ್ಪನ ಮಗನ ಹಾಲನ್ನೇ ತಿರುಗಿಸಿ ಕಳಿಸಿದೆ. ಅವನು ಪಾಪ, "ಲೇ, ಕ್ಯಾನು ತೊಳ್ದ ನೀರು ಒಸಿ ಉಳ್ಕಂಡಿತ್ತು ಕಣ್ಲಾ" ಅಂದ. "ಒಸಿಯೋ ಜಾಸ್ತಿಯೋ, ಇನ್ನೊಬ್ಬರನ್ನ ಕೇಳದೆ ಮಾಡೋದೆಲ್ಲ ಮೋಸವೇ" ಎಂದು ನಾನು ಗಂಭೀರವಾಗಿ ಹೇಳಿದೆ. ಅವನು ಅವತ್ತಿನಿಂದ ನನ್ನ ಮನೆಯ ಮುಂದೆ ಹಾದುಹೋಗುವಾಗ ಆಚೆ ಕಡೆ ಮುಖ ಮಾಡಿಕೊಂಡು ಹೋಗುತ್ತಿದ್ದ. ಹೋದ ವರ್ಷದಿಂದ ನೇರವಾಗಿ ನನ್ನ ಕಡೆಗೇ ನೋಡಿ ನಗುತ್ತಾ ಹೋಗುತ್ತಾನೆ. ಅದಕ್ಕೆ ಕಾರಣವಾದ ಸಂಗತಿಯನ್ನು ಹೇಳಿಬಿಡೋಣ ಎಂದೇ ಇದನ್ನು ಬರೆಯುತ್ತಿದ್ದೇನೆ.

ನಮ್ಮೂರಲ್ಲಿ ಚೌಡಕ್ಕ ಎಂಬುವರಿದ್ದಾರೆ. ಒಂದು ಹಸು, ಅರ್ಧ ಎಕರೆ ಹಿಪ್ಪುನೇರಳೆ ಸೊಪ್ಪು, ಮತ್ತು ಗಂಟಲು. ಆ ಗಂಟಲಿನಿಂದ ಸುತ್ತಮುತ್ತ ಹತ್ತು ಹಳ್ಳಿಗೆ ಅವರ ಹೆಸರು ಗೊತ್ತು. ಸೋಬಾನೆ ಪದ ಹೇಳುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಮದುವೆ ಮನೆಯಲ್ಲಿ ಒಂದೊಂದು ಶಾಸ್ತ್ರಕ್ಕೂ ಒಂದೊಂದು ಪದ. ಅರಿಸಿನ ಹಚ್ಚುವಾಗ ಒಂದು, ಹಸೆಗೆ ಕರೆಯುವಾಗ ಒಂದು, ಧಾರೆ ಎರೆಯುವಾಗ ಒಂದು, ಕೊನೆಗೆ ಹೆಣ್ಣನ್ನು ಗಂಡಿನ ಕಡೆಯವರ ಕೈಗೆ ಒಪ್ಪಿಸಿ ಕಳಿಸುವಾಗ ಒಂದು. ಚೌಡಕ್ಕ ಮತ್ತು ಅವರ ಜೊತೆಯ ಮೂವರು ಹೆಂಗಸರು ಚಾಪೆಯ ಮೇಲೆ ಕೂತು ಒಬ್ಬರು ಎತ್ತಿಕೊಟ್ಟು ಮೂವರು ಹಿಂದೆ ಹೇಳುತ್ತಿದ್ದರೆ, ಪುರೋಹಿತರು ಕೂಡ ಮಂತ್ರ ನಿಲ್ಲಿಸಿ ಕಾಯುತ್ತಿದ್ದರು. ಮದುವೆಗೆ ಮೊದಲು ಮನೆಯ ಯಜಮಾನರೇ ಎಲೆ ಅಡಿಕೆ ಹಿಡಿದು ಅವರ ಮನೆಗೆ ಹೋಗಿ ಕರೆಯಬೇಕು. ಕರೆಯುವುದರಲ್ಲಿ ಹೆಚ್ಚು ಕಡಿಮೆಯಾದರೆ ಬರುತ್ತಿರಲಿಲ್ಲ. ಬಂದರೆ ಒಂದು ಸೀರೆ, ತಾಂಬೂಲ, ಆಮೇಲೆ ಹಸೆಯ ಎದುರಿಗೆ ಜಾಗ. ಆ ಜಾಗ ಬೀಗರಿಗೂ ಸಿಗುತ್ತಿರಲಿಲ್ಲ.

ಆರೇಳು ವರ್ಷದ ಹಿಂದೆ ಯಾರೋ ಪುಣ್ಯಾತ್ಮರು ಈ ನಾಲ್ವರನ್ನೂ ರಾಮನಗರಕ್ಕೆ ಕರೆದುಕೊಂಡು ಹೋಗಿ ಒಂದು ಸಣ್ಣ ಸ್ಟುಡಿಯೋದಲ್ಲಿ ಹನ್ನೆರಡು ಪದ ರೆಕಾರ್ಡ್ ಮಾಡಿಸಿದರು. ಅಷ್ಟು ಹೊತ್ತಿಗಾಗಲೇ ಸೀಡಿ ಎಂಬ ವಸ್ತು ಪ್ರಪಂಚದಿಂದ ಜಾಗ ಖಾಲಿ ಮಾಡುತ್ತಿತ್ತು. ಆದರೆ ಆ ಸ್ಟುಡಿಯೋದವನ ಹತ್ತಿರ ಖಾಲಿ ಸೀಡಿಗಳು ಬಹಳ ಬಿದ್ದಿದ್ದವು ಅಂತ ಕಾಣುತ್ತದೆ, ಅವಕ್ಕೇ ತುಂಬಿಸಿ ಕೊಟ್ಟ. ಮೇಲೆ ನಾಲ್ವರೂ ಸೆರಗು ಹೊದ್ದು ಕ್ಯಾಮೆರಾ ನೋಡಿ ಹೆದರಿಕೊಂಡಿರುವ ಫೋಟೋ. ಚೌಡಕ್ಕ ಒಂದು ಕೈಯಲ್ಲಿ ಹಾಲಿನ ಕ್ಯಾನು, ಇನ್ನೊಂದು ಕೈಯಲ್ಲಿ ಸೀಡಿಗಳ ಚೀಲ ಹಿಡಿದು ಡೇರಿಗೆ ಬಂದರು. ಸಾಲಿನಲ್ಲಿದ್ದವರು ತಿರುಗಿಸಿ ಮುರುಗಿಸಿ ನೋಡಿ, "ಇದ್ನ ಹಾಕಾಕೆ ನಮ್ಮನೇಲಿ ಮಿಷಿನ್ನೇ ಇಲ್ವಲ್ಲಕ್ಕ" ಎಂದು ಹಿಂದಕ್ಕೆ ಕೊಟ್ಟರು. ನಾನೊಬ್ಬನೇ ಕೊಂಡವನು. ಚೌಕಾಸಿ ಕೂಡ ಮಾಡಲಿಲ್ಲ. ಎಲ್ಲರ ಮುಂದೆ ಜೇಬಿನಿಂದ ಕಾಸು ತೆಗೆದು ಕೊಟ್ಟು, "ಕಲಾವಿದರಿಗೆ ಪ್ರೋತ್ಸಾಹ ಕೊಡೋದನ್ನ ಕಲೀರಿ" ಎಂದು ಅಲ್ಲಿಯೂ ಒಂದು ಭಾಷಣ ಬಿಟ್ಟೆ. ಚೌಡಕ್ಕ ಸೆರಗಿನಿಂದ ಸೀಡಿ ಒರೆಸಿ ನನ್ನ ಕೈಗಿಟ್ಟು, "ನೀನ್ ಒಬ್ನಾದ್ರೂ ತಕಂಡ್ಯಲ್ಲಪ್ಪ, ನಿನ್ ಹೊಟ್ಟೆ ತಣ್ಣಗಿರ್ಲಿ" ಅಂದರು. ಆ ಮಾತು ನೆನೆಸಿಕೊಂಡರೆ ಈಗ ನನ್ನ ಹೊಟ್ಟೆ ತಣ್ಣಗಿರುವುದಿಲ್ಲ.

ಮನೆಯಲ್ಲಿ ಸೀಡಿ ಹಾಕುವ ಪೆಟ್ಟಿಗೆ ಇದ್ದದ್ದು ನಮ್ಮೂರಿನಲ್ಲಿ ನಮಗೊಬ್ಬರಿಗೇ. ಹಳೆಯ ಟಿ.ವಿ. ಕೊಟ್ಟು ಚನ್ನಪಟ್ಟಣದಿಂದ ತಂದಿದ್ದು. ಅದನ್ನು ತಂದ ದಿನ ನನ್ನ ಹೆಂಡತಿ ಜಯಮ್ಮ ಮೂರು ಹೊತ್ತು ಮಾತು ಬಿಟ್ಟಿದ್ದಳು, ಆ ವಿಷಯ ಇಲ್ಲಿ ಬೇಡ. ಪದಗಳನ್ನು ಕೇಳಿದೆ. ಬಹಳ ಚೆನ್ನಾಗಿದ್ದವು. ಚೆನ್ನಾಗಿದ್ದದ್ದೇ ತಪ್ಪಾಯಿತು. ಇದನ್ನು ಫೋನಿಗೆ ಹಾಕಿಕೊಂಡರೆ ಡೇರಿಯಲ್ಲಿ ಹಾಲು ಅಳೆಯುವಾಗಲೂ ಕೇಳಬಹುದಲ್ಲ ಅನ್ನಿಸಿತು. ಸೀಡಿಯಿಂದ ಫೋನಿಗೆ ಹಾಡು ದಾಟಿಸುವ ಸರಿಯಾದ ದಾರಿ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಯಾರನ್ನಾದರೂ ಕೇಳುವುದು ಡೇರಿ ಸೆಕ್ರೆಟರಿಯ ಘನತೆಗೆ ತಕ್ಕದ್ದಾಗಿರಲಿಲ್ಲ. ನನ್ನದೇ ಒಂದು ಉಪಾಯ ಮಾಡಿದೆ. ಒಂದು ಭಾನುವಾರ ಮಧ್ಯಾಹ್ನ ಸ್ಟೂಲಿನ ಮೇಲೆ ಸ್ಪೀಕರಿನ ಮೂತಿಗೆ ಸರಿಯಾಗಿ ಫೋನು ನಿಲ್ಲಿಸಿ, ಕಿಟಕಿ ಮುಚ್ಚಿ, ಬಾಗಿಲಿಗೆ ಕಂಬಳಿ ಕಟ್ಟಿ, ಫೋನಿನಲ್ಲಿ ರೆಕಾರ್ಡ್ ಒತ್ತಿದೆ. ಜಯಮ್ಮನಿಗೆ, "ಇನ್ನು ಒಂದು ಗಂಟೆ ಕುಕ್ಕರ್ ಕೂಗಬಾರದು, ಯಾರೂ ಮಾತಾಡಬಾರದು, ಕೆಮ್ಮು ಬಂದರೆ ಹಿತ್ತಲಿಗೆ ಹೋಗಿ ಕೆಮ್ಮಬೇಕು" ಎಂದು ಕಟ್ಟಪ್ಪಣೆ ಮಾಡಿದೆ. ಆಗ ಪಿ.ಯು.ಸಿ. ಓದುತ್ತಿದ್ದ ಮಗಳು ಚೈತ್ರ, ಮನೆಯಲ್ಲಿ ಉಸಿರಾಡುವುದಕ್ಕೂ ಜಾಗ ಇಲ್ಲ ಎಂದು ಗೆಳತಿಯ ಮನೆಗೆ ಹೋದಳು.

ಹನ್ನೊಂದು ಪದ ಸರಾಗವಾಗಿ ಆಯಿತು. ಹನ್ನೆರಡನೆಯದು ಹೆಣ್ಣೊಪ್ಪಿಸುವ ಪದ. ನಮ್ಮ ಕಡೆ ಈ ಪದವನ್ನು ಮದುವೆಯಲ್ಲಿ ಬಿಟ್ಟರೆ ಬೇರೆ ದಿನ ಹೇಳುವುದಿಲ್ಲ, ಕೇಳುವುದೂ ಇಲ್ಲ. ಮನೆಯಲ್ಲಿ ಮದುವೆಯಾಗದ ಹೆಣ್ಣುಮಗಳು ಇರುವಾಗ ಸುಮ್ಮಸುಮ್ಮನೆ ಅದನ್ನು ಕಿವಿಯ ಮೇಲೆ ಹಾಕಿಕೊಳ್ಳಬಾರದು ಎಂದು ನಮ್ಮ ತಾಯಿ ಹೇಳುತ್ತಿದ್ದರು. ಬರೀ ಅಳುವ ಪದ ಅದು. ಹಾಗಾಗಿ ನಾನು ಆ ಕಡೆ ಗಮನ ಕೊಡದೆ ಎದ್ದು ಬಾಗಿಲ ಹತ್ತಿರ ನಿಂತೆ. ಅಷ್ಟು ಹೊತ್ತು ಬಾಯಿ ಕಟ್ಟಿಕೊಂಡು ಕೂತಿದ್ದ ಜಯಮ್ಮನಿಗೂ ತಡೆಯಲಾಗಲಿಲ್ಲ. ಅವಳು ಏನೋ ಕೇಳಿದಳು, ನಾನು ಏನೋ ಹೇಳಿದೆ. ಪದವನ್ನು ಕೇಳಬಾರದು ಎಂಬ ನಿಯಮ ನಮಗಿತ್ತು, ಫೋನಿಗೆ ಇರಲಿಲ್ಲ. ಅದು ಎಲ್ಲವನ್ನೂ ಕೇಳಿಸಿಕೊಂಡಿತು. ನಾನು ಹೇಳಿದ್ದೇನು ಎಂಬುದನ್ನು ಮುಂದೆ ಬರೆಯುತ್ತೇನೆ. ಈಗಲೇ ಬರೆಯಲು ಕೈ ಏಳುತ್ತಿಲ್ಲ.

ಮಾರನೆಯ ದಿನದಿಂದ ಡೇರಿಯಲ್ಲಿ ಸೋಬಾನೆ ಶುರುವಾಯಿತು, ಆ ಕೊನೆಯ ಪದ ಒಂದನ್ನು ಬಿಟ್ಟು. ಹಾಲು ಹಾಕಲು ಬಂದವರು, "ಸೆಕ್ರೆಟ್ರಿ, ನಮ್ ಫೋನ್‌ಗೂ ಒಸಿ ಕಳ್ಸಿ" ಅಂದರು. ಕಳಿಸಿದೆ. ಕೊಡುವ ಕೈ ನನ್ನದು, ಖರ್ಚು ಏನೂ ಇಲ್ಲ, ಮೇಲೆ ದೊಡ್ಡವರಾದೆವು ಎಂಬ ಸಮಾಧಾನ. ಸಾಲಿನಲ್ಲಿ ನಿಂತವರಿಗೆಲ್ಲ ಕಳಿಸಿದೆ. ಹಾಲಿನ ಲಾರಿ ಡ್ರೈವರಿಗೆ ಕಳಿಸಿದೆ, ಅವನು ದಾರಿಯ ಡೇರಿಗಳಿಗೆಲ್ಲ ಹಂಚಿದ. ಮಾಗಡಿಯ ನನ್ನ ತಂಗಿಗೆ, ವಿರೂಪಾಕ್ಷಿಪುರದ ಷಡ್ಡಕನಿಗೆ, ಕನಕಪುರ ಕಡೆಯ ಬಸ್ಸಿನ ಕಂಡಕ್ಟರಿಗೆ ಕಳಿಸಿದೆ. ಮೈಕ್‌ಸೆಟ್ ರಾಜಣ್ಣ ಎಂಬಾತ ತನ್ನ ಪೆನ್‌ಡ್ರೈವಿಗೆ ಹಾಕಿಸಿಕೊಂಡ. ಸುತ್ತಿನ ಊರುಗಳ ಮದುವೆಗಳಿಗೆಲ್ಲ ಸ್ಪೀಕರು ಕಟ್ಟುವವನು ಅವನೇ. ಜಾನಪದವನ್ನು ಉಳಿಸುತ್ತಿದ್ದೇನೆ ಎಂದು ಎದೆಯುಬ್ಬಿಸಿಕೊಂಡು ಓಡಾಡಿದೆ. ಚೌಡಕ್ಕನ ಸೀಡಿ ಚೀಲ ಹಾಗೇ ಉಳಿಯಿತು, ಆಮೇಲೆ ಅದು ಡೇರಿಗೆ ಬರುವುದು ನಿಂತಿತು, ಬರೀ ಕ್ಯಾನು ಬರುತ್ತಿತ್ತು. ನಾನು ಅದನ್ನು ನೋಡಿದೆನೋ ಇಲ್ಲವೋ ಎಂದು ಯಾರಾದರೂ ಕೇಳಿದರೆ, ನೋಡಿದೆ. ನೋಡಿ ಲ್ಯಾಕ್ಟೋಮೀಟರ್ ಕಡೆ ಕಣ್ಣು ಹಾಕಿದೆ.

ಅದಾದ ಮೇಲೆ ಊರಿನ ಮದುವೆಗಳಲ್ಲಿ ಚಾಪೆ ಹಾಸುವುದೂ ನಿಂತಿತು. ರಾಜಣ್ಣನಿಗೆ ಹೇಳಿದರೆ ಸಾಕು, ಶಾಸ್ತ್ರ ನೋಡಿಕೊಂಡು ಪದ ಹಾಕುತ್ತಿದ್ದ. ಚೌಡಕ್ಕ ಎಲ್ಲರ ಹಾಗೆ ಉಡುಗೊರೆ ಕೊಟ್ಟು, ಪಂಕ್ತಿಯಲ್ಲಿ ಊಟ ಮಾಡಿ, ಕುರ್ಚಿಯ ಮೇಲೆ ಒಂದು ಗಳಿಗೆ ಕೂತು ಹೋಗುತ್ತಿದ್ದರು. ಸ್ಪೀಕರಿನಲ್ಲಿ ಅವರದೇ ದನಿ. ನನಗೆ ಇದೂ ವಿಚಿತ್ರ ಅನ್ನಿಸಲಿಲ್ಲ. ಇನ್ನೊಂದು ವಿಷಯ ಹೇಳಬೇಕು. ನಾನು ಎಲ್ಲ ಮದುವೆಗೂ ಹೋಗುತ್ತಿದ್ದೆ, ಆದರೆ ಊಟವಾದ ಕೂಡಲೇ ಎದ್ದುಬಿಡುತ್ತಿದ್ದೆ. ಸಂಜೆಯ ಹಾಲಿಗೆ ಡೇರಿ ಬಾಗಿಲು ತೆಗೆಯಬೇಕಲ್ಲ. ಹೆಣ್ಣೊಪ್ಪಿಸುವ ಹೊತ್ತಿಗೆ ನಾನು ಡೇರಿಯಲ್ಲಿರುತ್ತಿದ್ದೆ. ಅಷ್ಟು ವರ್ಷದಲ್ಲಿ ಆ ಹನ್ನೆರಡನೆಯ ಪದವನ್ನು ಒಮ್ಮೆಯೂ ಪೂರ್ತಿ ಕೇಳಿರಲಿಲ್ಲ. ಊರೆಲ್ಲ ಕೇಳಿತ್ತು.

ಹೋದ ವರ್ಷ ಚೈತ್ರಳ ಮದುವೆ ಗೊತ್ತಾಯಿತು. ಗಂಡು ವಿರೂಪಾಕ್ಷಿಪುರದ ಕಡೆಯವರು, ಒಳ್ಳೆಯ ಜನ. ಲಗ್ನಪತ್ರಿಕೆ ಹಂಚುವ ದಿನಗಳಲ್ಲಿ ಒಂದು ಬೆಳಿಗ್ಗೆ ಚೈತ್ರ ನನ್ನ ಹತ್ತಿರ ಬಂದು, "ಅಪ್ಪಾಜಿ, ನನ್ ಮದ್ವೆಗೆ ಚೌಡತ್ತೆನ ಹಾಡಾಕೆ ಕರೀರಿ. ಎಲೆ ಅಡಿಕೆ ತಕಂಡು ನೀವೇ ಹೋಗಿ ಕರೀರಿ" ಅಂದಳು. ಅವಳು ನನ್ನನ್ನು ಏನೂ ಕೇಳುವವಳಲ್ಲ. ಸೀರೆಯ ಬಣ್ಣ ಕೂಡ ಕೇಳಿರಲಿಲ್ಲ. ನಾನು, "ಅದಕ್ಯಾಕಮ್ಮ ಅವರಿಗೆ ತೊಂದ್ರೆ, ವಯಸ್ಸಾಗೈತೆ. ನಮ್ಮ ಹತ್ರ ಇದೆಯಲ್ಲ" ಅಂದೆ. ಅವಳು ತಾಯಿಯ ಮುಖ ನೋಡಿದಳು. ತಾಯಿ ಗೋಡೆ ನೋಡಿದಳು. ನಾನು ಪತ್ರಿಕೆಗೆ ಅರಿಸಿನ ಹಚ್ಚುವುದರಲ್ಲಿ ಮುಳುಗಿದ್ದೆ. ಚೌಡಕ್ಕನ ಮನೆಗೆ ಹೋದೆ, ಆದರೆ ಎಲೆ ಅಡಿಕೆ ಇಲ್ಲದೆ, ಎಲ್ಲರಿಗೂ ಕೊಟ್ಟ ಹಾಗೆ ಒಂದು ಪತ್ರಿಕೆ ಕೊಟ್ಟು ಬಂದೆ.

ಮದುವೆ ಸಮುದಾಯ ಭವನದಲ್ಲಿ ಚೆನ್ನಾಗಿಯೇ ನಡೆಯಿತು. ಡೇರಿಗೆ ಅವತ್ತು ಬೇರೆಯವರನ್ನು ಒಪ್ಪಿಸಿದ್ದೆ. ಮಧ್ಯಾಹ್ನ ಇಳಿಹೊತ್ತಿಗೆ ಹೆಣ್ಣೊಪ್ಪಿಸುವ ಶಾಸ್ತ್ರಕ್ಕೆ ಎಲ್ಲರೂ ಸೇರಿದರು. ಚೈತ್ರ ಆಗಲೇ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಸ್ಪೀಕರು ಮಾತ್ರ ಸುಮ್ಮನಿತ್ತು. ನಾನು ರಾಜಣ್ಣನ ಹತ್ತಿರ ಹೋಗಿ, "ಏನ್ಲಾ, ಹೆಣ್ಣೊಪ್ಪಿಸೋ ಪದ ಎಲ್ಲಿ?" ಅಂದೆ. ಅವನು ತಲೆ ಕೆರೆದುಕೊಂಡು, "ಅದೊಂದು ಒಸಿ ಕೆಟ್ಟೋಗೈತೆ ಸೆಕ್ರೆಟ್ರಿ. ಬ್ಯಾರೆ ಯಾವ್ದಾರ ಹಾಕ್ಲಾ?" ಅಂದ. ನನಗೆ ರೇಗಿತು. ಜಯಮ್ಮ ಓಡಿ ಬಂದು ತೋಳು ಹಿಡಿದು, "ಬ್ಯಾಡ ಬುಡಿ, ಮಗ ಆಗ್ಲೇ ಅಳ್ತಾ ಐತೆ" ಅಂದಳು. ಮಾತು ಬಿಟ್ಟಿದ್ದ ದೊಡ್ಡಪ್ಪನ ಮಗ ಕೂಡ ಬಂದು, ಅಷ್ಟು ವರ್ಷದ ಮೇಲೆ ಮೊದಲ ಸಲ ಬಾಯಿ ಬಿಟ್ಟು, "ಬೇಡ ಕಣ್ಲಾ, ನನ್ ಮಾತ್ ಕೇಳು" ಅಂದ. ನನ್ನ ಮಾನ ಉಳಿಸುವುದಕ್ಕೆ ಅಷ್ಟು ಜನ ಒದ್ದಾಡುತ್ತಿದ್ದರು. ಅದು ನನಗೆ ಹೊಳೆಯಲಿಲ್ಲ. ಬೀಗರ ಮುಂದೆ ನಮ್ಮ ಕಡೆ ಶಾಸ್ತ್ರದಲ್ಲಿ ಲೋಪವಾಗಬಾರದು ಎಂಬುದೊಂದೇ ನನ್ನ ತಲೆಯಲ್ಲಿತ್ತು. ಜೇಬಿನಿಂದ ನನ್ನ ಫೋನನ್ನೇ ತೆಗೆದು ಕೊಟ್ಟು, "ಮೂಲ ಇದರಲ್ಲೈತೆ, ಕೆಟ್ಟಿರಾಕೆ ಸಾಧ್ಯನೇ ಇಲ್ಲ. ಹಾಕು, ಜೋರಾಗಿ ಹಾಕು" ಅಂದೆ.

ಹಾಕಿದ. ಚೌಡಕ್ಕನ ದನಿ ಎದ್ದಿತು. ಆ ಪದವನ್ನು ಎಷ್ಟೋ ವರ್ಷದ ಮೇಲೆ ಕೇಳಿದ್ದು, ಹೆತ್ತ ಮಗಳು ಎದುರಿಗೆ ನಿಂತಿದ್ದಳು, ನನಗೂ ಕಣ್ಣು ತುಂಬಿತು. ಶಲ್ಯದ ತುದಿಯಿಂದ ಕಣ್ಣು ಒತ್ತಿಕೊಳ್ಳುತ್ತಿದ್ದೇನೆ, ಅಷ್ಟರಲ್ಲಿ ಪದದ ನಡುವೆ ಜಯಮ್ಮನ ದನಿ ಬಂತು. "ಅಲ್ಲಾ, ಹಿಂಗೆ ಎತ್ಕಬೋದಾ ಅಂತೀನಿ? ಚೌಡಕ್ಕಂಗೆ ಗೊತ್ತಾದ್ರೆ ಏನಂದ್ಕತಾರೆ?" ಅದರ ಹಿಂದೆಯೇ ನನ್ನದು. ಡೇರಿಯಲ್ಲಿ ಭಾಷಣ ಮಾಡಿ ಪಳಗಿದ ದನಿ, ಒಂದಕ್ಷರವೂ ತಪ್ಪದೆ ಭವನದ ಮೂಲೆ ಮೂಲೆಗೂ ಮುಟ್ಟಿತು. "ಕಾಸು ಕೊಟ್ಟು ತಂದಿರೋದು ಕಣೇ, ನನ್ ಮಾಲು, ಯಾರಿಗಾರ ಕೊಡ್ತೀನಿ. ಆ ಮುದ್ಕಿಗೇನ್ ಗೊತ್ತಾಯ್ತದೆ? ಇನ್ಮೇಲೆ ಮದ್ವೆ ಮದ್ವೆಗೂ ಅವ್ಳ ಮನೆ ಬಾಗ್ಲಿಗೆ ಹೋಗಿ ಕರ್ಯೋದೂ ತಪ್ತು, ಸೀರೆ ಕೊಡೋದೂ ತಪ್ತು. ಗುಂಡಿ ಒತ್ತುದ್ರೆ ಆಯ್ತು, ಹಾಡ್ತಳೆ." ಆಮೇಲೆ ನಾನು ನಕ್ಕಿದ್ದೆ. ಆ ನಗುವೂ ಇತ್ತು.

ಇಷ್ಟು ವರ್ಷ ನಾನು ಚೌಡಕ್ಕನನ್ನು ಎದುರಿಗೆ ಅಕ್ಕ ಅಂದವನು, ನೀವು ಅಂದವನು. ಅವರು ಎರಡನೆಯ ಸಾಲಿನ ಕುರ್ಚಿಯಲ್ಲಿ ಕೂತಿದ್ದರು. ಯಾರೂ ಬೆಚ್ಚಿಬೀಳಲಿಲ್ಲ. ಅದೇ ನನ್ನನ್ನು ಕೊಂದಿದ್ದು. ಯಾರಿಗೂ ಅದು ಹೊಸದಲ್ಲ. ಹೊಸ ಬೀಗರು ಮಾತ್ರ ಮುಖ ಅರಳಿಸಿಕೊಂಡು ನನ್ನ ಹತ್ತಿರ ಬಂದು, "ಇದು ನೀವೇನಾ? ನಮ್ಮೂರ್ ಕಡೆ ಮದ್ವೇಲೂ ಇದ್ನೇ ಹಾಕ್ತಾರೆ, ಈ ಮಾತು ಬಂದಾಗ ಐಕ್ಳೆಲ್ಲ ಜೊತೇಲೇ ಹೇಳ್ತವೆ. ಯಾರೋ ಏನೋ ಅನ್ಕಂಡಿದ್ದೊ" ಅಂದರು. ಒಬ್ಬ ಪ್ರಸಿದ್ಧ ವ್ಯಕ್ತಿಯ ಮನೆಗೆ ಸಂಬಂಧ ಬೆಳೆಸಿದ ಸಂತೋಷ ಅವರಿಗೆ. ಚೈತ್ರ ಅಳು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಬೈದಿದ್ದರೆ ಚೆನ್ನಾಗಿತ್ತು.

ರಾಜಣ್ಣ ಪದ ನಿಲ್ಲಿಸಿಬಿಟ್ಟ. ನಾನು ಹೇಗೋ ನಡೆದು ಚೌಡಕ್ಕನ ಮುಂದೆ ಹೋಗಿ ನಿಂತೆ. ಕೈ ಮುಗಿದೆನೋ ಇಲ್ಲವೋ ನೆನಪಿಲ್ಲ. "ಅಕ್ಕ, ತಪ್ಪಾಯ್ತು. ಮಗಿಗೋಸ್ಕರ ನೀವೇ ಒಂದ್ ಪದ ಹೇಳಿ" ಅಂದೆ. ಅವರು ಸಿಟ್ಟು ಮಾಡಲಿಲ್ಲ. ಎದ್ದು ಚೈತ್ರಳ ಹತ್ತಿರ ಹೋದರು, ಅವಳ ಕೆನ್ನೆ ಸವರಿದರು, ಪದ ಎತ್ತಿಕೊಂಡರು. ಒಂದು ಸಾಲು ಬಂತು. ಎರಡನೆಯ ಸಾಲಿನ ನಡುವೆ ದನಿ ಒಡೆಯಿತು. ಕೆಮ್ಮಿ ಮತ್ತೆ ಎತ್ತಿಕೊಂಡರು, ಮತ್ತೆ ಒಡೆಯಿತು. ಹಿಂದೆ ಹೇಳುವವರು ಯಾರೂ ಇರಲಿಲ್ಲ. ಮೂವರಲ್ಲಿ ಒಬ್ಬರು ತೀರಿಕೊಂಡಿದ್ದರು, ಒಬ್ಬರು ಮಗಳ ಊರು ಸೇರಿದ್ದರು, ಒಬ್ಬರು ಬಿಡದಿಯ ಕಡೆ ಕೆಲಸಕ್ಕೆ ಹೋಗುತ್ತಿದ್ದರು. ಚೌಡಕ್ಕ ನನ್ನ ಕಡೆ ತಿರುಗಿ ಬಹಳ ಸಮಾಧಾನವಾಗಿ ಹೇಳಿದರು. "ಆಯ್ತಿಲ್ಲ ಕಣಪ್ಪ. ಕರೀದೆ ಬುಟ್ರೆ ಹಸ ಬತ್ತೋಯ್ತದಲ್ಲ, ಇದೂ ಅಂಗೇಯ. ಐದಾರ್ ವರ್ಷಾಯ್ತು, ಯಾರೂ ಕೂರ್ಸಿ ಹೇಳ್ಸಿಲ್ಲ." ಆಮೇಲೆ ರಾಜಣ್ಣನಿಗೆ, "ಹಾಕಪ್ಪ, ಅದ್ನೇ ಹಾಕು. ಅದ್ರಲ್ಲಿ ನನ್ ಗಂಟ್ಲು ಸಂದಾಗೈತೆ. ಮಗ ಬರೀ ಕಿವೀಲಿ ಹೋಗ್ಬಾರ್ದು" ಅಂದರು.

ರಾಜಣ್ಣ ಮೊದಲಿನಿಂದ ಹಾಕಿದ. ನನ್ನ ಮಾತು ಬರುವ ಜಾಗದಲ್ಲಿ ಸದ್ದು ತಗ್ಗಿಸಬೇಕು ಎಂದು ಅವನ ಇಂಗಿತ. ಪಾಪ, ಗಾಬರಿಯಲ್ಲಿ ಬೇಗ ತಗ್ಗಿಸಿ ಬೇಗ ಏರಿಸಿದ. ಜಯಮ್ಮನ ಪ್ರಶ್ನೆ ಹೋಯಿತು, ನನ್ನ ಉತ್ತರ ಪೂರ್ತಿಯಾಗಿ ಬಂತು. ನಗುವೂ ಬಂತು. ನಾನು ಚೌಡಕ್ಕನ ಪಕ್ಕದಲ್ಲೇ ನಿಂತು ಅದನ್ನು ಎರಡನೆಯ ಸಲ ಕೇಳಿದೆ. ನನ್ನ ಮಗಳು ಆ ಪದಕ್ಕೆ, ಆ ಮಾತಿಗೆ, ಆ ನಗುವಿಗೆ ಕಾರು ಹತ್ತಿದಳು. ಹತ್ತುವ ಮೊದಲು ಚೌಡಕ್ಕನ ಕಾಲು ಮುಟ್ಟಿದಳು, ಬಹಳ ಹೊತ್ತು.

ಮನೆಗೆ ಬಂದು ಜಯಮ್ಮನನ್ನು ಕೇಳಿದೆ, ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಂತ. "ಮೊದಲ್ನೇ ಮದ್ವೇಲಿ ಕೇಳ್ದಾಗ್ಲೇ ಭೂಮಿ ಬಾಯ್ ಬುಡ್ಬಾರ್ದಾ ಅನ್ನಿಸ್ತು. ನಿಮಗೆ ಹೆಂಗ್ ಹೇಳ್ಲಿ? ತಪ್ಪು ಅಂತ ನಿಮ್ಗೆ ಯಾರ್ ಹೇಳುದ್ರೂ ಕೇಳಿದ್ದೀರಾ?" ಅಂದಳು. ನಿಜ, ಕೇಳಿಲ್ಲ. ಅವತ್ತು ಕಂಬಳಿ ಕಟ್ಟಿದ ಬಾಗಿಲ ಹತ್ತಿರವೂ ಅವಳು ಸರಿಯಾಗಿಯೇ ಕೇಳಿದ್ದಳು, ಅದಕ್ಕೆ ಸಾಕ್ಷಿ ಎಲ್ಲರ ಫೋನಿನಲ್ಲೂ ಇದೆ.

ನಾಚಿಕೆ ಹೆಚ್ಚಾದಾಗ ಮನುಷ್ಯ ಕಾನೂನು ಹುಡುಕಿಕೊಂಡು ಹೋಗುತ್ತಾನೆ ಅಂತ ಕಾಣುತ್ತದೆ. ಮಾಡಿದ್ದು ಕೆಟ್ಟದ್ದೇ ಆದರೂ ಕಾನೂನಿನ ಪ್ರಕಾರ ಸರಿಯಾಗಿದ್ದರೆ ಅಷ್ಟರಮಟ್ಟಿಗೆ ತಲೆ ಎತ್ತಬಹುದು ಎಂಬ ಆಸೆ. ರಾಮನಗರಕ್ಕೆ ಹೋಗಿ ಪರಿಚಯದ ವಕೀಲರೊಬ್ಬರನ್ನು ಕಂಡು, ನನ್ನ ಸ್ನೇಹಿತನೊಬ್ಬನ ಸಮಸ್ಯೆ ಎಂದು ಶುರುಮಾಡಿದೆ. ಸ್ನೇಹಿತ ಹಾಡು ಕದ್ದಿಲ್ಲ, ಕಾಸು ಕೊಟ್ಟೇ ಕೊಂಡಿದ್ದಾನೆ, ಕೊಂಡದ್ದನ್ನು ತನ್ನ ಫೋನಿಗೆ ಇಳಿಸಿಕೊಂಡಿದ್ದಾನೆ, ಕೇಳಿದವರಿಗೆ ಪುಕ್ಕಟೆ ಕೊಟ್ಟಿದ್ದಾನೆ, ಒಬ್ಬರಿಂದಲೂ ಏನೂ ತೆಗೆದುಕೊಂಡಿಲ್ಲ. ವಕೀಲರು ಕನ್ನಡಕದ ಮೇಲಿಂದ ನೋಡಿ, "ನಿಮ್ಮ ಸ್ನೇಹಿತರು ಕೊಂಡಿದ್ದು ಸೀಡಿ ಅನ್ನೋ ತಟ್ಟೆನ. ಅದು ಅವ್ರದೇ, ಬೇಕಾದ್ರೆ ಮಾರ್ಬೋದು, ಗೋಡೆಗೆ ನೇತಾಕ್ಬೋದು. ತಾನು ಕೇಳೋಕೆ ಅಂತ ಒಂದ್ ಪ್ರತಿ ಮಾಡ್ಕಂಡಿದ್ರೂ ಒಂದ್ ಮಾತು ವಾದ ಮಾಡ್ಬೋದಿತ್ತು. ತಾಲ್ಲೂಕಿಗೆಲ್ಲ ಹಂಚೋ ಹಕ್ಕು ಆ ತಟ್ಟೆ ಜೊತೆ ಬಂದಿಲ್ಲ ಸ್ವಾಮಿ" ಅಂದರು. ನಾನು ಬಿಡಲಿಲ್ಲ. ಸೋಬಾನೆ ಪದ ಅಜ್ಜಿ ಮುತ್ತಜ್ಜಿಯರ ಕಾಲದ್ದು, ಅದಕ್ಕೆ ಯಾರ ಹಕ್ಕು ಎಂದೆ. "ಪದ ಯಾರದ್ದೂ ಅಲ್ದಿರ್ಬೋದು. ಹಾಡಿದ ದನಿ ಹಾಡಿದವರದ್ದು. ಯಾರ ಬಾಯಿಂದ ಬಂತೋ ಅವರನ್ನ ಕೇಳ್ಬೇಕು" ಅಂದರು. ನಾನು ಎದ್ದೆ. ಬಾಗಿಲವರೆಗೆ ಬಂದಾಗ, "ನಿಮ್ಮ ಸ್ನೇಹಿತರ ದನಿ ಥೇಟ್ ನಿಮ್ ಹಂಗೇ ಐತೆ" ಅಂದರು. ಅವರ ಅಳಿಯನ ಊರೂ ನನ್ನ ತಂಗಿಯ ಊರಾದ ಮಾಗಡಿಯಂತೆ.

ಕಾನೂನು ಕೈಬಿಟ್ಟ ಮೇಲೆ ಉಳಿದದ್ದು ಚೌಡಕ್ಕನ ಮನೆಯ ಬಾಗಿಲು. ಒಂದು ಬೆಳಿಗ್ಗೆ ಹಾಲು ಮುಗಿಸಿ, ಸೀಡಿ, ಅದನ್ನು ಹಾಕುವ ಪೆಟ್ಟಿಗೆ, ಒಂದು ಸೀರೆ, ಎಲೆ ಅಡಿಕೆ ಎಲ್ಲವನ್ನೂ ಹಿಡಿದು ಹೋದೆ. ಅವರು ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಾ ಕೂತಿದ್ದರು. ಸೀರೆ ನೋಡಿ, "ಯಾರ್ ಮದ್ವೆಯಪ್ಪ?" ಅಂದರು. ಯಾರದ್ದೂ ಅಲ್ಲ ಅಂದೆ. ಇದು ಹೋದ ಮದುವೆಗಳದ್ದು ಎಂದು ಹೇಳಬೇಕೆಂದಿದ್ದೆ. ಪೆಟ್ಟಿಗೆಯಲ್ಲಿ ಸೀಡಿ ಹಾಕಿದೆ. ಅವರ ಚೀಲದಲ್ಲಿದ್ದ ಸೀಡಿಗಳೆಲ್ಲ ಸೊಪ್ಪಿನ ಮನೆಯ ತೇವಕ್ಕೆ ಹಾಳಾಗಿದ್ದವಂತೆ. ತಮ್ಮ ಪದಗಳನ್ನು ಚೊಕ್ಕವಾಗಿ, ಕೂತು ಕೇಳಿದ್ದು ಅವರು ಅದೇ ಮೊದಲು. ಕತ್ತಿ ಕೆಳಗಿಟ್ಟು ಹನ್ನೆರಡನ್ನೂ ಕೇಳಿದರು. ಕೊನೆಯದು ಬಂತು. ನನ್ನ ಮಾತು ಬರುವ ಜಾಗದಲ್ಲಿ ಅವರ ದನಿ ಒಂದು ಕಡೆ ಸಣ್ಣಗೆ ಎಳೆದು, ನಿಂತು, ಮತ್ತೆ ಎತ್ತಿಕೊಳ್ಳುತ್ತದೆ. ಆ ಎಳೆತವೇ ಆ ಪದದ ಜೀವ. ಐದಾರು ವರ್ಷ ನಾಲ್ಕು ತಾಲ್ಲೂಕಿನ ಮದುವಣಗಿತ್ತಿಯರಿಗೆ ಅದು ಕೇಳಿಸಿಲ್ಲ. ಅದರ ಮೇಲೆ ನಾನು ಮಾತಾಡಿಕೊಂಡು ನಿಂತಿದ್ದೆ. ಚೌಡಕ್ಕನ ಕಣ್ಣಲ್ಲಿ ನೀರಿತ್ತು. ನನಗೆ ಅಲ್ಲಿ ಅಳುವ ಯೋಗ್ಯತೆಯೂ ಇಲ್ಲ ಅನ್ನಿಸಿ ಸೊಪ್ಪು ನೋಡಿಕೊಂಡು ಕೂತೆ.

"ಅಕ್ಕ, ನೀವು ಒಪ್ಪಿದ್ರೆ ಇದ್ನ ಸರಿಯಾಗಿ ಪ್ರತಿ ಮಾಡ್ಸಿ, ಹಳೇದು ಇರೋರ್ಗೆಲ್ಲ ಬದಲಾಯಿಸಿ ಕೊಡ್ತೀನಿ. ಹಳೇದ್ನ ಅಳ್ಸಿ ಹಾಕ್ಸ್ತೀನಿ" ಅಂದೆ. ಜೀವನದಲ್ಲಿ ಮೊದಲ ಸಲ ಕೇಳಿ ಮಾಡಲು ಹೊರಟಿದ್ದೆ. "ಮಾಡ್ಸು, ಯಾರ್ ಬ್ಯಾಡ ಅಂದೋರು? ಆದ್ರೆ ಯಾರೂ ತಕಳಾಕಿಲ್ಲ ನೋಡು" ಅಂದರು. ಸೊಪ್ಪಿನ ಕತ್ತಿ ಮತ್ತೆ ಕೈಗೆ ತೆಗೆದುಕೊಂಡು, ನಗದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. "ಮದ್ವೇಲಿ ಈಗ ನನ್ ಪದಕ್ಕೆ ಯಾರ್ ಕಾಯ್ತಾರಪ್ಪ? ನಿನ್ ಮಾತ್ಗೇ ಕಾಯೋದು."

ಅವರು ಹೇಳಿದ ಹಾಗೇ ಆಯಿತು. ಚೊಕ್ಕವಾದ ಪ್ರತಿ ಹಿಡಿದು ಡೇರಿಯ ಸಾಲಿನಲ್ಲಿ ಒಬ್ಬೊಬ್ಬರನ್ನೂ ಬೇಡಿಕೊಂಡೆ. "ಇರ್ಲಿ ಬುಡಿ ಸೆಕ್ರೆಟ್ರಿ, ಅದೇ ಸಂದಾಗೈತೆ" ಅಂದರು. ದೊಡ್ಡಪ್ಪನ ಮಗ ಮಾತ್ರ ತೆಗೆದುಕೊಂಡ. ತೆಗೆದುಕೊಂಡು, ಹಳೆಯದನ್ನೂ ಇಟ್ಟುಕೊಂಡ. ವಕೀಲರು ಹೇಳಿದ್ದನ್ನು ನಾನು ಈಗಲೂ ಕೂತು ಲೆಕ್ಕ ಹಾಕುತ್ತಿರುತ್ತೇನೆ. ತಟ್ಟೆಯನ್ನು ಚೌಡಕ್ಕನಿಗೆ ಕೊಟ್ಟಾಯಿತು, ಅದು ಇನ್ನು ನನ್ನದಲ್ಲ. ಪದ ಅಜ್ಜಿಯರದ್ದು. ದನಿ ಚೌಡಕ್ಕನದು. ಯಾರ ಬಾಯಿಂದ ಬಂತೋ ಅವರದ್ದು ಅನ್ನುವುದಾದರೆ, ಆ ಇಡೀ ರೆಕಾರ್ಡಿನಲ್ಲಿ ಕಾನೂನಿನ ಪ್ರಕಾರ ನನ್ನದು ಎಂದು ಹೇಳಿಕೊಳ್ಳಬಹುದಾದದ್ದು ಆ ನಾಲ್ಕು ಮಾತು, ಮತ್ತು ಕೊನೆಯ ನಗು. ಅದಷ್ಟನ್ನೂ ನನ್ನನ್ನು ಒಂದು ಮಾತು ಕೇಳದೆ ಊರೂರಿಗೆ ಹಂಚಿದ್ದಾರೆ. ಕೇಸು ಹಾಕುವುದಾದರೆ ಹಾಕಬಹುದೇನೋ. ಆದರೆ ಹಂಚಿದವನೂ ನಾನೇ.